ಗಬ್ಬ ನೋಡುವ ಕೈ

ಕುರಿ ಗಬ್ಬವೋ ಖಾಲಿಯೋ ಎಂದು ಮುಟ್ಟಿ ಹೇಳುವುದರಲ್ಲಿ ರಂಗಯ್ಯನನ್ನು ಮೀರಿಸುವವರು ಅರಕಲಗೂಡಿನ ಸುತ್ತಮುತ್ತ ಯಾರೂ ಇರಲಿಲ್ಲ. ಹಾಗಂತ ಊರಿನವರು ಹೇಳುತ್ತಿದ್ದರು. ಊರಿನವರು ಮರೆತ ದಿನ ರಂಗಯ್ಯನೇ ಹೇಳಿಕೊಳ್ಳುತ್ತಿದ್ದ. ಬೆಳಿಗ್ಗೆ ಮೇವು ಹಾಕುವ ಮೊದಲು ಕುರಿಯನ್ನು ನಿಲ್ಲಿಸಿಕೊಂಡು, ಕೆಚ್ಚಲಿನ ಮುಂದೆ ಹೊಟ್ಟೆಯಡಿಗೆ ಎಡಗೈ ಒಡ್ಡಿ, ಮೆತ್ತಗೆ ಒಂದು ಸಲ ಮೇಲಕ್ಕೆತ್ತಿ ಬಿಡುತ್ತಿದ್ದ. ಮರಿ ಇದ್ದರೆ, ನೀರು ತುಂಬಿದ ಚೀಲದೊಳಗಿನ ಆಲೂಗಡ್ಡೆಯ ಹಾಗೆ, ಏನೋ ಒಂದು ಮೇಲೆ ಹೋಗಿ ಮತ್ತೆ ಅಂಗೈಗೆ ಬಂದು ಕೂರುತ್ತಿತ್ತು. ಆಗ ಅವನು ಕುರಿಯ ಹಣೆಗೆ ಅರಿಶಿನದ ಬೊಟ್ಟು ಇಡುವನು. ಅವನ ಬೊಟ್ಟು ಬಿದ್ದ ಕುರಿ ಮರಿ ಹಾಕದೆ ಹೋದದ್ದಿಲ್ಲ. ಇದಕ್ಕೆಲ್ಲ ಅವನು ಕಾಸು ಮುಟ್ಟಿದವನೂ ಅಲ್ಲ. ಎರಡು ಎಲೆ, ಒಂದು ಚೂರು ಅಡಿಕೆ, ನಾಲ್ಕು ಹೊಗಳಿಕೆಯ ಮಾತು ಸಾಕಿತ್ತು. ನಿಜ ಹೇಳಬೇಕೆಂದರೆ ಎಲೆ ಅಡಿಕೆ ಇಲ್ಲದಿದ್ದರೂ ನಡೆಯುತ್ತಿತ್ತು.

ಈ ಹೊಗಳಿಕೆಯೇ ಅವನನ್ನು ಹಳ್ಳಕ್ಕೆ ಕೆಡವಿತು.

ಮನೆಯಲ್ಲಿ ಹದಿನೈದು ಕುರಿ ಇದ್ದವು. ಆ ವರ್ಷ ಜೋಳ ಚೆನ್ನಾಗಿ ಬಂದಿತ್ತು. ಮಂದೆ ದೊಡ್ಡದು ಮಾಡೋಣ ಎಂದವಳು ಸೊಸೆ ನೇತ್ರಾವತಿ. ಮರಿ ತಂದು ಸಾಕಿ ದೊಡ್ಡದು ಮಾಡುವಷ್ಟರಲ್ಲಿ ಎರಡು ವರ್ಷ ಆಗುತ್ತದೆ, ಗಬ್ಬದ ಕುರಿಗಳನ್ನೇ ಹತ್ತು ತಂದರೆ ಮಳೆಗಾಲದ ಹೊತ್ತಿಗೆ ಕೊಟ್ಟಿಗೆ ತುಂಬುತ್ತದೆ ಎಂಬುದು ಅವಳ ಲೆಕ್ಕ. ಲೆಕ್ಕ ಸರಿಯಾಗೇ ಇತ್ತು. ಆದರೆ ಕೊನೆಗೆ ಒಂದು ಮಾತು ಸೇರಿಸಿದಳು.

"ಮಾವ, ಪಕ್ಕದೂರಿಗೆ ಗುರುವಾರ ಗುರುವಾರ ಡಾಕ್ಟ್ರಮ್ಮ ಪ್ರತಿಭಾ ಬತ್ತಾರಲ್ಲ, ಅವ್ರತ್ರ ಸ್ಕ್ಯಾನ್ ಮಾಡೋ ಮಿಷಿನ್ ಐತೆ. ಕುರಿ ತಕೊಳೋ ಮುಂಚೆ ಒಂದ್ಸಲ ಅವರನ್ನೂ ಕರಸಣ."

ಅವತ್ತು ಮಧ್ಯಾಹ್ನ ರಂಗಯ್ಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. "ನನ್ ಕೈಗಿಂತ ಆ ಡಬ್ಬ ಎಚ್ಚಾ?" ಎಂದು ಕೈ ತೊಳೆಯುವಾಗ ಗೋಡೆಗೆ ಕೇಳಿದ. ಗೋಡೆ ಏನೂ ಹೇಳಲಿಲ್ಲ. ನೇತ್ರಾವತಿಯೂ ಆಮೇಲೆ ಆ ಮಾತೆತ್ತಲಿಲ್ಲ.

ಚನ್ನರಾಯಪಟ್ಟಣದ ಕಡೆಯ ಒಂದು ಸಂತೆಗೆ ಒಬ್ಬನೇ ಹೋದ. ಹತ್ತು ಕುರಿ ಹಿಡಿದು ನಿಂತಿದ್ದ ವ್ಯಾಪಾರಿ ಮಾತಿನ ಮಲ್ಲ. ಊರು ಕೇಳಿದ, ಹೆಸರು ಕೇಳಿದ, ಕೇಳಿದ ಕೂಡಲೇ ಮರ್ಯಾದೆಗೆ ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಹಾಕಿಕೊಂಡ. "ಗಬ್ಬ ನೋಡೋ ರಂಗಯ್ಯನೋರು ನೀವೇನಾ! ನಿಮ್ ಮುಂದೆ ಮುಚ್ಚಿಡಕ್ಕಾಯ್ತದಾ ಯಜಮಾನ್ರೆ? ನೀವೇ ಮುಟ್ಟಿ ಏಳಿ, ನಾನು ಬಾಯೇ ಬಿಡಾಕಿಲ್ಲ" ಎಂದ. ಸುತ್ತ ನಾಲ್ಕು ಜನ ಸೇರಿದರು. ರಂಗಯ್ಯ ಮೊದಲ ಕುರಿ ಮುಟ್ಟಿದ, ಗಬ್ಬ. ಎರಡನೆಯದು, ಮೂರನೆಯದು, ನಾಲ್ಕನೆಯದು, ಎಲ್ಲವೂ ಗಬ್ಬ. ನಿಂತವರು ತಲೆದೂಗಿದರು. ಐದನೆಯದಕ್ಕೆ ಬರುವ ಹೊತ್ತಿಗೆ ಅವನ ಎದೆ ಹಿಗ್ಗಿ ಬೆನ್ನು ಬಗ್ಗದಷ್ಟಾಗಿತ್ತು. ಮಿಕ್ಕ ಆರರ ಬೆನ್ನನ್ನು ಸುಮ್ಮನೆ ಸವರಿ, "ನೋಡಿದ್ರೇ ಗೊತ್ತಾಯ್ತದೆ ಬುಡಪ್ಪ" ಎಂದುಬಿಟ್ಟ. ಮುಟ್ಟಲೇ ಇಲ್ಲ. ಆಮೇಲೆ ಎಷ್ಟೋ ಸಲ ಆ ಒಂದು ಗಳಿಗೆಯನ್ನು ನೆನೆದು, ಕೂತಲ್ಲೇ ಅವನ ಕಿವಿ ಬಿಸಿಯಾಗುತ್ತಿತ್ತು.

ಗುಟ್ಟು ಒಡೆದದ್ದು ಮನೆಯ ಟಗರು. ಹೊತ್ತಲ್ಲದ ಹೊತ್ತಲ್ಲಿ ಕುರಿ ಗಬ್ಬ ಕಟ್ಟದಿರಲಿ ಎಂದು ಅದರ ಹೊಟ್ಟೆಯಡಿಗೆ ಗೋಣಿತಾಟು ಕಟ್ಟಿದ್ದರು. ಹೊಸ ಕುರಿ ಬಂದ ಮೂರು ವಾರಕ್ಕೆ ಅದು ತಾಟನ್ನು ಎಳೆದಾಡಿಕೊಂಡು ಎರಡೇ ಎರಡು ಕುರಿಗಳ ಹಿಂದೆ ಬಿತ್ತು. ಒಂದು ಕಿವಿ ಹರಿದದ್ದು, ಇನ್ನೊಂದು ಕಪ್ಪು ಮೂತಿಯದು. ಗಬ್ಬದ ಕುರಿ ಬೆದೆಗೆ ಬರುವುದಿಲ್ಲ. ಇದನ್ನು ತಿಳಿಯಲು ರಂಗಯ್ಯನ ಕೈ ಬೇಡ, ಎರಡು ಕಣ್ಣಿದ್ದರೆ ಸಾಕು. ನೇತ್ರಾವತಿಗೆ ಎರಡು ಕಣ್ಣಿದ್ದವು. ಅವಳು ನೋಡಿದಳು, ಮಾವನ ಮುಖ ನೋಡಿದಳು, ಸಗಣಿ ಪುಟ್ಟಿ ಎತ್ತಿಕೊಂಡು ಹೋದಳು. ಬೈದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಹತ್ತರಲ್ಲಿ ಎರಡು ಖಾಲಿ ಬಂದರೆ ಯಾರೂ ಮುಳುಗಿಹೋಗುವುದಿಲ್ಲ. ಟಗರಿಗೆ ಬಿಟ್ಟರೆ ಐದು ತಿಂಗಳಲ್ಲಿ ಅವೂ ಮರಿ ಹಾಕುತ್ತಿದ್ದವು. ಆದರೆ ಅಷ್ಟು ದಿನ ಆ ಎರಡು ಕುರಿ ಅಂಗಳದಲ್ಲಿ ಓಡಾಡಿಕೊಂಡಿರಬೇಕು, ಬಂದವರು "ಇವ್ಯಾಕೆ ಇನ್ನೂ ಮರಿ ಆಕಿಲ್ಲ ರಂಗಣ್ಣ?" ಎಂದು ಕೇಳಬೇಕು. ಅದನ್ನು ತಡೆಯುವ ಶಕ್ತಿ ಅವನಲ್ಲಿರಲಿಲ್ಲ. ಮೈ ಸರಿಯಿಲ್ಲವೆಂದು ಹೇಳಿ ಕುರಿ ಮುಟ್ಟಲು ಕರೆದವರ ಮನೆಗೂ ಹೋಗುವುದು ಬಿಟ್ಟ. ಕೊನೆಗೆ ಒಂದು ಬೆಳಿಗ್ಗೆ ಮಾಡಬಾರದ್ದನ್ನು ಮಾಡಿದ. ಬೂಸಾಕ್ಕೆ ಹಿಡಿ ಹಿಡಿ ಉಪ್ಪು ಬೆರೆಸಿ ಎರಡಕ್ಕೂ ತಿನ್ನಿಸಿದ, ಬಾಯಾರಿದ ಅವುಗಳ ಮುಂದೆ ಬಕೆಟ್ಟು ಬಕೆಟ್ಟು ನೀರಿಟ್ಟ. ಹೊಟ್ಟೆ ಗಬ್ಬದ ಕುರಿಯ ಹಾಗೆ ದುಂಡಗೆ ಉಬ್ಬಿತು. ಇಂಥ ಕೆಲಸ ಮಾಡುವವರನ್ನು ಅವನು ನಲವತ್ತು ವರ್ಷ ಬಾಯಿ ತುಂಬ ಬೈದಿದ್ದ. ಮಗ ಕನಕರಾಜುವಿನದೇ ಗೂಡ್ಸ್ ಆಟೋ ಇತ್ತು. ಅವನನ್ನು ಕರೆಯದೆ ಯಾರದೋ ಆಟೋದಲ್ಲಿ ಹೊಳೆನರಸೀಪುರದ ಆಚೆಯ ಸಂತೆಗೆ ಹೋಗಿ, ತಲೆಗೆ ಟವೆಲ್ ಸುತ್ತಿ ದೂರ ನಿಂತು, ಕೊಳ್ಳುವವರ ಕಡೆ ತಿರುಗಿಯೂ ನೋಡದೆ, ದಲ್ಲಾಳಿಯ ಕೈಯಲ್ಲಿ ಮಾರಿಸಿ ಬಂದ. ಮನೆಗೆ ಬಂದಾಗ ನೇತ್ರಾವತಿ ಖಾಲಿಯಾದ ಉಪ್ಪಿನ ಡಬ್ಬವನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು.

ಹತ್ತು ದಿನ ಕಳೆಯಿತು. ಒಂದು ಬೆಳಿಗ್ಗೆ ಊರಾಚೆ ಮನೆಯ ಹೊನ್ನಕ್ಕ ಎರಡು ಕುರಿ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಎರಡು ವರ್ಷ ಶುಂಠಿ ಹೊಲದಲ್ಲಿ ಕೂಲಿ ಮಾಡಿ, ಸೊಂಟ ಹಿಡಿದುಕೊಂಡೇ ಒಂದಿಷ್ಟು ಉಳಿಸಿದ ಹೆಂಗಸು. ಮುಖದಲ್ಲಿ ಮದುವೆ ಮನೆಯ ಕಳೆ ಇತ್ತು.

"ರಂಗಣ್ಣ, ತಂಗಿ ಊರಿಗೋಗಿದ್ನಲ್ಲ, ಅಲ್ಲೇ ಸಂತೇಲಿ ತಕೊಂಡು ನಿನ್ನೆ ಸಂಜೆ ಊರಿಗೆ ತಂದ್ಬುಟ್ಟೆ. ಹೋಗೋ ಮುಂಚೆ ಜತೇಲಿ ಬಾ ಅಂತ ನಿನ್ನನ್ನೇ ಕರ್ದೆ, ನೀನು ಮೈ ಸರಿ ಇಲ್ಲ ಅಂದೆ. ಮೂರು ತಿಂಗಳ ಗಬ್ಬ ಅಂದ್ನಪ್ಪ ದಲ್ಲಾಳಿ. ನೀನೊಂದ್ಸಲ ಮುಟ್ಟಿ ಬೊಟ್ಟಿಕ್ಬುಡು, ನನ್ ಜೀವ ತಣ್ಣಗಾಯ್ತದೆ."

ರಂಗಯ್ಯ ಜಗುಲಿಯಿಂದ ಇಳಿಯುವ ಮೊದಲೇ ನೋಡಿದ. ಒಂದರ ಕಿವಿ ಹರಿದಿತ್ತು. ಇನ್ನೊಂದರ ಮೂತಿ ಕಪ್ಪು.

ಅಷ್ಟರಲ್ಲಿ ಹರಿದ ಕಿವಿಯದು ಹೊನ್ನಕ್ಕನ ಕೈಯಿಂದ ಹಗ್ಗ ಕಿತ್ತುಕೊಂಡು, ಅಂಗಳ ದಾಟಿ, ಬೇರೆ ಕುರಿಗಳನ್ನು ತಳ್ಳಿಕೊಂಡು ಕೊಟ್ಟಿಗೆಯೊಳಗೆ ನುಗ್ಗಿತು. ಹಳೆಯ ಡ್ರಮ್ಮು ಸೀಳಿ ಮಾಡಿದ ಮೇವಿನ ತೊಟ್ಟಿ ಗೋಡೆಗುಂಟ ಇತ್ತು. ಅದರ ಮೂಲೆಯಲ್ಲಿ, ದಿನಾ ನಿಲ್ಲುತ್ತಿದ್ದ ಜಾಗದಲ್ಲೇ, ಹೋಗಿ ತಲೆ ತಗ್ಗಿಸಿ ನಿಂತಿತು. ಕಪ್ಪು ಮೂತಿಯದೂ ಹಿಂದೆಯೇ ಹೋಗಿ ಪಕ್ಕದಲ್ಲಿ ನಿಂತಿತು. ಬಾಗಿಲಲ್ಲಿದ್ದ ನೇತ್ರಾವತಿ ತಲೆ ತಗ್ಗಿಸಿದಳು.

ಹೊನ್ನಕ್ಕ ನಕ್ಕಳು. "ನೋಡು ರಂಗಣ್ಣ! ಹುಟ್ಟಿದ ಮನೆಗೆ ಬಂದಂಗೆ ಓದ್ವು. ಒಳ್ಳೆ ಕೈ ಇರೋ ಮನೆ ಯಾವ್ದು ಅಂತ ಮೂಗ ಪ್ರಾಣಿಗೂ ಗೊತ್ತಾಯ್ತದೆ ಕಣ."

ಇದಕ್ಕಿಂತ ಅವಳು ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ರಂಗಯ್ಯನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೊಟ್ಟಿಗೆಗೆ ಹೋಗಿ ಹರಿದ ಕಿವಿಯದರ ಹೊಟ್ಟೆಯಡಿಗೆ ಕೈ ಒಡ್ಡಿದ. ಅಲ್ಲಿ ಏನೂ ಇಲ್ಲವೆಂದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಆದರೂ ಎತ್ತಿ ಬಿಟ್ಟ. ಗಬ್ಬ ಎಂದು ಬೊಟ್ಟಿಟ್ಟು ಕಳಿಸಬಹುದಿತ್ತು. ಎರಡು ತಿಂಗಳು ಬಿಟ್ಟು, ಗಬ್ಬ ಕರಗಿತು ಕಣವ್ವ, ಕೆಲವು ಸಲ ಹಂಗಾಯ್ತದೆ ಎಂದರೆ ಅವಳು ನಂಬುತ್ತಿದ್ದಳು. ಆ ಯೋಚನೆ ಬಂದದ್ದೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಇಲ್ಲ ಕಣ್ ತಂಗಿ. ಎರಡೂ ಖಾಲಿ."

ಹೊನ್ನಕ್ಕ ಸ್ವಲ್ಪ ಹೊತ್ತು ಅವನ ಕೈಯನ್ನೇ ನೋಡಿದಳು. ಆಮೇಲೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಅವನ ಮಾತನ್ನು ಒಂದಿಷ್ಟೂ ಅನುಮಾನಿಸಲಿಲ್ಲ. ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು. "ಉಪ್ಪು ತಿನ್ಸಿ ನೀರು ಕುಡ್ಸವ್ನೆ ಮನೆಹಾಳ! ತಂಗಿ ಮನೇಗೆ ತಂದ ರಾತ್ರಿಯೇ ಉಚ್ಚೆ ಉಯ್ದು ಉಯ್ದು ಹೊಟ್ಟೆ ಇಳ್ದೋಯ್ತು, ಬಿಸ್ಲಿಗೆ ಅಂದ್ಕೊಂಡೆ. ಮಾರ್ದವನು ತಲೆಗೆ ಟವೆಲ್ ಸುತ್ಕೊಂಡು ದೂರ ನಿಂತಿದ್ನಂತೆ, ಮಕನೂ ತೋರ್ಲಿಲ್ವಂತೆ. ಅವನ ಮನೇಗೆ..." ಎನ್ನುತ್ತ ಅಂಗಳದ ಮಣ್ಣನ್ನು ಮುಷ್ಟಿ ತುಂಬ ಬಾಚಿಕೊಂಡು, ತೂರಿ ಶಾಪ ಹಾಕಲು ಕೈ ಎತ್ತಿದಳು.

ಅದು ರಂಗಯ್ಯನ ಅಂಗಳದ ಮಣ್ಣು.

"ತೂರು ಕಣ್ ತಂಗಿ" ಎಂದ ರಂಗಯ್ಯ. "ಇಲ್ಲೇ ತೂರು, ನನ್ ಮನೆ ಮೇಲೇ ತೂರು. ಆ ಟವೆಲ್ ಸುತ್ಕೊಂಡಿದ್ದೋನು ನಾನೇ. ಉಪ್ಪು ತಿನ್ಸಿದ್ದೂ ನಾನೇಯ. ನನಗೂ ಯಾವನೋ ಹಿಂಗೇ ಮಾಡ್ದ, ಅದ್ನ ಊರಿಗೆ ಏಳಕ್ಕೆ ನಾಚ್ಕೆ ಆಯ್ತು."

ಹೊನ್ನಕ್ಕನ ಕೈ ಎತ್ತಿದಲ್ಲೇ ನಿಂತಿತು. ಕೊಟ್ಟಿಗೆಯ ಮೂಲೆಯಲ್ಲಿ ನಿಂತ ಎರಡು ಕುರಿಗಳನ್ನು ನೋಡಿದಳು, ನೇತ್ರಾವತಿಯನ್ನು ನೋಡಿದಳು. ಅವನನ್ನು ಮಾತ್ರ ನೋಡಲಿಲ್ಲ. ಮಣ್ಣನ್ನು ತೂರಲೂ ಇಲ್ಲ. ಕೈ ಇಳಿಸಿ, ಬೆರಳು ಬಿಡಿಸಿ, ಕಾಲ ಬಳಿ ಸುರಿದು ಅಂಗೈ ಒರೆಸಿಕೊಂಡಳು. ತೂರಿದ್ದರೆ ಅವನಿಗೆ ಒಂದು ರೀತಿ ಸಮಾಧಾನವಾಗುತ್ತಿತ್ತು.

ರಂಗಯ್ಯ ಅವಸರವಸರವಾಗಿ ಮಂದೆಯೊಳಗೆ ಹೋಗಿ ಎರಡು ಕುರಿ ಎಳೆದು ತಂದ, ಒಂದು ಬಿಳಿಯದು, ಇನ್ನೊಂದು ಕಪ್ಪು ಮಚ್ಚೆಯದು. ಇದ್ದದ್ದರಲ್ಲಿ ಅವೇ ಚೊಕ್ಕ ಕುರಿಗಳು. "ಇವೆರಡನ್ನ ಹೊಡ್ಕೊಂಡೋಗು ತಂಗಿ. ದಿನ ತುಂಬ್ತಾ ಅವೆ. ಈ ಬಿಳೇದ್ರಲ್ಲಿ ಎರಡು ಮರಿ ಐತೆ. ನಾನೇ ಮುಟ್ಟಿ ನೋಡಿವ್ನಿ."

"ಯಾರು ನೋಡಿರೋದು?" ಎಂದಳು ಹೊನ್ನಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಅವಳು ಬಾಗಿಲ ಕಡೆ ತಿರುಗಿದಳು. "ನೇತ್ರವ್ವ, ಆ ಮಿಷಿನ್ ಡಾಕ್ಟ್ರಮ್ಮಂಗೆ ಒಂದ್ ಫೋನ್ ಮಾಡವ್ವ. ಅವರು ನೋಡಿ ಏಳ್ಲಿ. ಆಮ್ಯಾಕೆ ಹೊಡ್ಕೊಂಡೋಯ್ತೀನಿ."

ಗುರುವಾರ ಡಾಕ್ಟರ್ ಪ್ರತಿಭಾ ಸ್ಕೂಟರಿನಲ್ಲಿ ಬಂದರು. ಎಳೆಯ ವಯಸ್ಸಿನ ಹುಡುಗಿ. ವಿಷಯ ಅಷ್ಟರಲ್ಲಿ ಊರಿಗೆಲ್ಲ ತಿಳಿದಿದ್ದರಿಂದ ಬೇಲಿಯಾಚೆ ಐದಾರು ಜನ ಏನೋ ಕೆಲಸವಿದ್ದವರ ಹಾಗೆ ನಿಂತಿದ್ದರು. ಡಾಕ್ಟರಿಗೆ ಏನೂ ಗೊತ್ತಿರಲಿಲ್ಲ. "ಅಜ್ಜ, ಅಲುಗಾಡದಂಗೆ ಸ್ವಲ್ಪ ಕೊರಳು ಹಿಡ್ಕೋತೀರಾ?" ಎಂದರು. ರಂಗಯ್ಯ ಕೂತು ಎರಡು ಕೈಯಲ್ಲೂ ಕುರಿಯ ಕೊರಳು ಹಿಡಿದುಕೊಂಡ. ಗಬ್ಬ ನೋಡುವ ಹೊತ್ತಿನಲ್ಲಿ ಅವನು ಕುರಿಯ ತಲೆಯ ಕಡೆ ಕೂತದ್ದು ಅದೇ ಮೊದಲು.

ಡಾಕ್ಟರು ಕಪ್ಪು ಮಚ್ಚೆಯ ಕುರಿ ನೋಡಿ ಒಂದು ಮರಿ ಎಂದರು. ಬಿಳಿಯದರ ಹೊಟ್ಟೆಗೆ ಲೋಳೆ ಹಚ್ಚಿ ಮಿಷಿನ್ ಒತ್ತಿದರು. ಪರದೆಯಲ್ಲಿ ಬೂದು ಬಣ್ಣದ್ದೇನೋ ಅಲುಗಿತು. ಹೊನ್ನಕ್ಕ, ನೇತ್ರಾವತಿ ಇಬ್ಬರೂ ಬಗ್ಗಿದರು. "ಇಲ್ನೋಡಿ, ಇದೊಂದು. ಇಲ್ಲಿ ಇನ್ನೊಂದು. ಎರಡು ಮರಿ ಇದಾವೆ" ಎಂದರು ಡಾಕ್ಟರು.

ಎರಡು ಎಂದು ರಂಗಯ್ಯ ಹೇಳಿ ನಾಲ್ಕು ದಿನವಾಗಿತ್ತು. ಯಾರೂ ಅವನ ಕಡೆ ತಿರುಗಲಿಲ್ಲ. ಹೊನ್ನಕ್ಕ ಕಾಗದದ ಪೊಟ್ಟಣ ಬಿಚ್ಚಿ, ತಾನೇ ಅರಿಶಿನ ಕಲಸಿ ಎರಡೂ ಕುರಿಗಳ ಹಣೆಗೆ ಬೊಟ್ಟಿಟ್ಟಳು. ಆಮೇಲೆ ಸೆರಗಿನ ಗಂಟಿನಿಂದ ಎರಡು ಎಲೆ, ಒಂದು ಚೂರು ಅಡಿಕೆ ತೆಗೆದು ಡಾಕ್ಟರಮ್ಮನ ಕೈಗೆ ಕೊಟ್ಟಳು.

ರಂಗಯ್ಯ ಇನ್ನೂ ಕುರಿಯ ಕೊರಳು ಹಿಡಿದುಕೊಂಡೇ ಕೂತಿದ್ದ. ಬಿಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.