ರಬ್ಬರ್ ಬಸುರಿಯ ಕುಬಸ

"ಮೊಣಕಾಲು ಬ್ಯಾಡ ತಂಗಿ, ತೊಡಿ ಹಿಡಿ! ಮೊಣಕಾಲು ಕಿತ್ತು ಬರ್ತೈತಿ!"

ವಾಣಿಶ್ರೀ ಹಿಡಿತವನ್ನು ಮೇಲಕ್ಕೆ ಬದಲಿಸಿದಳು. ಎಡಗಾಲು ಅವಳ ತೋಳಲ್ಲಿ, ಬಲಗಾಲು ಅವಳ ಅಜ್ಜಿ ಸುಮಿತ್ರವ್ವನ ಕಂಕುಳಲ್ಲಿ, ತಲೆ ಮತ್ತು ಭುಜ ಸುಶ್ಮಿತಾ ಮೇಡಂ ಕೈಯಲ್ಲಿ. ಮೂವರೂ ಅಡ್ಡಡ್ಡ ಹೆಜ್ಜೆ ಹಾಕುತ್ತ ಮೆಟ್ಟಿಲಿನ ತಿರುವು ದಾಟಿದರು. ನಡುವೆ ಒಂಬತ್ತು ತಿಂಗಳ ಹೊಟ್ಟೆ. ಮೈಮೇಲೆ ಒಂದೆಳೆ ಬಟ್ಟೆಯಿಲ್ಲ.

"ಯಾರಾರ ನೋಡಿದ್ರ ಏನಂದಾರು!" ಸುಮಿತ್ರವ್ವ ಏದುಸಿರು ಬಿಟ್ಟಳು.

"ರಬ್ಬರ್ ಐತ್ರಿ ಆಯಿ," ಎಂದಳು ಸುಶ್ಮಿತಾ.

"ರಬ್ಬರ್ ಆದ್ರ ಏನಾತು? ಬಸರಿ ಅದಾಳಲ್ಲ."

ಹೆರಿಗೆ ಮಾಡಿಸುವುದನ್ನು ಕಲಿಸುವ ಬೊಂಬೆ ಅದು. ಗದಗಿನ ಹೊಂಬಳ ರಸ್ತೆಯ ವಿಶ್ವವಿದ್ಯಾಲಯಕ್ಕೆ ಅಂದು ಬೆಳಿಗ್ಗೆಯಷ್ಟೇ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಬಂದಿತ್ತು. ಲಿಫ್ಟ್ ಇನ್ನೂ ಕೂತಿರಲಿಲ್ಲ, ಜವಾನ ರಜೆ ಹಾಕಿದ್ದ. ಬಿ.ಎಸ್ಸಿ. ನರ್ಸಿಂಗ್ ವಿಭಾಗವೆಂದರೆ ಸದ್ಯಕ್ಕೆ ಶಿಗ್ಲಿಯ ಸುಶ್ಮಿತಾ ಒಬ್ಬಳೇ. ಮುಂಡರಗಿಯಿಂದ ಮೊದಲ ಬಸ್ಸಿಗೆ ಅರ್ಜಿ ಕೊಡಲು ಬಂದ ಅಜ್ಜಿ ಮೊಮ್ಮಗಳ ಕೈಗೆ ಅವಳು ನಮಸ್ಕಾರಕ್ಕೂ ಮೊದಲು ಒಂದೊಂದು ಕಾಲು ಕೊಟ್ಟಿದ್ದಳು.

ಬೊಂಬೆಯನ್ನು ಮಂಚದ ಮೇಲೆ ಮಲಗಿಸಿದ ಮೇಲೆ ಸುಶ್ಮಿತಾ ಅರ್ಜಿ ತೆರೆದು ನೋಡಿದಳು. ತಂದೆಯ ಸಹಿಯ ಜಾಗ ಖಾಲಿ ಇತ್ತು.

"ಅಪ್ಪ ಎಲ್ಲಿ?"

"ಅಂಗಡಿ ಮುಚ್ಚಿ ಬರ್ತಾನ್ರಿ. 'ಬರ್ತೀನಿ, ನೋಡ್ತೀನಿ' ಅಂದಾನ."

"'ಸಹಿ ಮಾಡ್ತೀನಿ' ಅಂದಾನೇನು?"

ವಾಣಿಶ್ರೀ ತಲೆ ಅಲ್ಲಾಡಿಸಿದಳು. ಇಲ್ಲ.

ಸುಶ್ಮಿತಾ ಗೋಡೆ ಗಡಿಯಾರ ನೋಡಿದಳು. ಸಂಜೆ ಐದರೊಳಗೆ ಇಪ್ಪತ್ತು ಅರ್ಜಿ ಪೂರ್ತಿಯಾಗಬೇಕು. ಹತ್ತೊಂಬತ್ತಾದರೆ ಈ ವರ್ಷ ಕೋರ್ಸೇ ಇಲ್ಲ, ಬೊಂಬೆ ಮತ್ತೆ ಪೆಟ್ಟಿಗೆಗೆ. ಆ ಹೊತ್ತಿಗೆ ಇದ್ದದ್ದು ಹದಿನಾಲ್ಕು.

ವಾಣಿಶ್ರೀಗೆ ಈ ಕೋರ್ಸು ಯಾಕೆ ಬೇಕು ಎಂದರೆ ಒಂದು ಸೂಜಿಯ ಕಾರಣಕ್ಕೆ. ಹೋದ ವರ್ಷ ಸುಮಿತ್ರವ್ವ ಆಸ್ಪತ್ರೆಯಲ್ಲಿದ್ದಾಗ ಅವಳ ಒಣಗಿದ ತೋಳಿನಲ್ಲಿ ಇಬ್ಬರು ಡಾಕ್ಟರರಿಗೂ ನರ ಸಿಕ್ಕಿರಲಿಲ್ಲ. ಒಬ್ಬ ನರ್ಸ್ ಬಂದಳು, ಕಣ್ಣು ಮುಚ್ಚಿ ಬೆರಳಿನಿಂದ ತಡವಿದಳು, ಒಂದೇ ಸಲಕ್ಕೆ ಹಾಕಿದಳು. ಅಂದಿನಿಂದ ವಾಣಿಶ್ರೀ ಕಂಡವರ ಮುಖಕ್ಕಿಂತ ಮೊದಲು ಕೈ ನೋಡುತ್ತಾಳೆ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಳ್ಳೆಯ ನರಗಳಿವೆ. ಅಪ್ಪನ ಕೈಯಲ್ಲೂ ಇವೆ, ಶೇಂಗಾ ಚೀಲ ಎತ್ತಿ ಎತ್ತಿ ಉಬ್ಬಿದವು. ಅಪ್ಪನ ತಕರಾರು ಒಂದೇ: ಕಂಡವರ ಮೈ ಮುಟ್ಟುವ ಕೆಲಸ.

ಅತ್ತ ಸುಮಿತ್ರವ್ವ ಬೊಂಬೆಯ ಸುತ್ತ ತಿರುಗುತ್ತಿದ್ದಳು. ಕೂರಲಾರಳು. ಕೊನೆಗೆ ತನ್ನ ಚೀಲದಿಂದ ಹಸಿರು ಇಳಕಲ್ ಸೀರೆ ತೆಗೆದಳು.

"ಆಯಿ, ಅದು ದೇವಿಗಂತ ತಂದಿದ್ದು!" ಎಂದಳು ವಾಣಿಶ್ರೀ.

ಶ್ರಾವಣದ ಶುಕ್ರವಾರ ಅದು. ಅರ್ಜಿ ಕೊಟ್ಟು, ಗದಗಿನಲ್ಲಿ ದೇವಿಗೆ ಉಡಿ ತುಂಬಿ, ಸಂಜೆ ಬಸ್ಸಿಗೆ ವಾಪಸ್ಸು ಎಂಬುದು ಅಜ್ಜಿಯ ಲೆಕ್ಕ.

"ದೇವಿಗೆ ಮನಿ ತುಂಬ ಸೀರಿ ಅದಾವ. ಇಕಿಗೆ ಏನೈತಿ? ಸೊಂಟ ಎತ್ತು."

ಹನ್ನೊಂದರ ಹೊತ್ತಿಗೆ ಲಕ್ಷ್ಮೇಶ್ವರ, ಶಿರಹಟ್ಟಿ, ಕಣಗಿನಹಾಳ ಕಡೆಯ ತಾಯಂದಿರು ಮಕ್ಕಳನ್ನು ಕರೆದುಕೊಂಡು ಬಂದರು. ಅರ್ಧ ಮನಸ್ಸಿನವರೇ ಎಲ್ಲ. ಬಾಗಿಲಲ್ಲೇ ನಿಂತು ಒಳಗೆ ಇಣುಕಿದರು. ಕಂಡದ್ದು, ಕಿಟಕಿಯ ಬೆಳಕಿನಲ್ಲಿ ಹಸಿರು ಸೀರೆಯುಟ್ಟು ಮಲಗಿದ ತುಂಬು ಬಸುರಿ, ಪಕ್ಕದಲ್ಲಿ ಗಾಳಿ ಹಾಕುತ್ತ ಕೂತ ಮುದುಕಿ. ಗಾಳಿಯನ್ನು ಸುಮಿತ್ರವ್ವ ತನಗೇ ಹಾಕಿಕೊಳ್ಳುತ್ತಿದ್ದಳು. ಅದು ಯಾರಿಗೂ ತಿಳಿಯಲಿಲ್ಲ.

ಶಿರಹಟ್ಟಿಯ ಹೆಣ್ಣುಮಗಳೊಬ್ಬಳು ಸೀದಾ ಒಳಬಂದು ಚೀಲ ಬಿಚ್ಚಿದಳು. ಅವಳೂ ದೇವಿಗೆಂದು ಉಡಿ ಸಾಮಾನು ತಂದಿದ್ದಳು. ತುಂಬಿದ ಉಡಿಚೀಲ ಕೈಯಲ್ಲಿ ಹಿಡಿದು ಬಸುರಿಯ ಮುಂದೆ ಹಾಗೇ ದಾಟಿಹೋಗುವ ರೂಢಿ ಅವಳಿಗಿರಲಿಲ್ಲ. ಅಕ್ಕಿ, ಉತ್ತತ್ತಿ, ಅಡಿಕೆ, ಕೊಬ್ಬರಿ ಬಟ್ಟಲು ಸೆರಗಿಗೆ ಹಾಕಿದಳು. ಕುಂಕುಮ ಹಚ್ಚಲು ಹಣೆ ಮುಟ್ಟಿದಳು. ಕೈ ಹಿಂದಕ್ಕೆಳೆದಳು.

"ಯವ್ವಾ! ತಣ್ಣಗ ಅದಾಳಲ್ಲ!"

"ರಬ್ಬರ್ರಿ ಅಕ್ಕಾರ, ರಬ್ಬರ್!" ಸುಶ್ಮಿತಾ ಓಡಿ ಬಂದಳು. "ಹುಡುಗೀರಿಗೆ ಕಲಿಸೋ ಬೊಂಬಿ!"

ಲಕ್ಷ್ಮೇಶ್ವರದ ಇಬ್ಬರು ನಗುತ್ತ ಗೋಡೆಗೊರಗಿದರು. ಶಿರಹಟ್ಟಿಯವಳ ಮುಖ ಸಣ್ಣದಾಯಿತು. ಹಾಕಿದ ಅಕ್ಕಿ ಬಳಿಯಲು ಕೈ ಚಾಚಿದಳು.

ಸುಮಿತ್ರವ್ವ ಆ ಕೈ ಹಿಡಿದಳು. "ಏ, ತುಂಬಿದ ಉಡಿ ವಾಪಸ್ ತಗೋತಾರೇನ? ಒಬ್ಬಾಕಿ ತುಂಬಿದಿ. ಇನ್ನ ನಾಕು ಮಂದಿ ತುಂಬಬೇಕು. ಕುಬಸ ಅರ್ಧಕ್ಕ ಬಿಡಾಕ ಬರಂಗಿಲ್ಲ."

"ಬೊಂಬಿಗೆ ಕುಬಸಾ?"

"ಇಕಿ ಬೊಂಬಿ ಖರೆ. ಇಕಿ ಕೈಯಾಗ ಕಲತು ನಿಮ್ಮ ಹುಡುಗೀರು ನಾಳೆ ಯಾರನ್ನ ಮುಟ್ಟಾವ್ರು? ನಿಮ್ಮನ್ನ, ನಿಮ್ಮ ಸೊಸೀನ್ನ. ಬರ್ರಿ, ಬರ್ರಿ, ಕುಂಡ್ರಿ."

ಬಂದರು. ಸೀಮಂತದ ಶಾಸ್ತ್ರವೆಂದು ಯಾರೋ ಹಸಿರು ಬಳೆ ಕಳಚಿ ರಬ್ಬರ್ ಕೈಗೆ ತೊಡಿಸಲು ನೋಡಿದರು. ಬೆರಳು ಮಡಚಲಿಲ್ಲ, ಸುಶ್ಮಿತಾ ಮುಂಗೈಯನ್ನೇ ತಿರುಗಿಸಿ ಬಿಚ್ಚಿ ಕೊಟ್ಟಳು. ಬಳೆ ಹಾಕಿ ಮತ್ತೆ ಜೋಡಿಸಿದರು.

"ನಮಗೂ ಹಿಂಗ ಕೈ ಬಿಚ್ಚೂ ಹಂಗ ಇದ್ರ ಬಳಿಗಾರ್ತಿ ಎಷ್ಟ ಆರಾಮ ಇರ್ತಿದ್ಳು!"

"ಇಕಿ ತವರಮನಿ ಯಾವ ಊರ್ರಿ?"

"ಕಂಪನಿ ಹೈದರಾಬಾದಿಂದು," ಎಂದಳು ಸುಶ್ಮಿತಾ.

"ಅಷ್ಟ ದೂರ ಕೊಟ್ಟಾರ, ಕುಬಸಕ್ಕ ಒಬ್ರೂ ಬಂದಿಲ್ಲ ನೋಡ!"

ಸೋಬಾನೆ ಶುರುವಾಯಿತು. ಹಾಡಿನ ನಡುನಡುವೆ ಪ್ರಶ್ನೆಗಳು ಬಂದವು. ಹಾಸ್ಟೆಲಿಗೆ ಕದ ಗಟ್ಟಿ ಐತೇನ್ರಿ? ರಾತ್ರಿ ಪಾಳಿ ಎಂದಿನಿಂದ? ಹಬ್ಬಕ್ಕ ಬಿಡ್ತೀರಿಲ್ಲೋ? ಸುಶ್ಮಿತಾ ಕುಂಕುಮದ ತಟ್ಟೆ ಹಿಡಿದೇ ಉತ್ತರ ಹೇಳಿದಳು. ಬೆಳಗಿನಿಂದ ಫೋನಿನಲ್ಲಿ ಹೇಳಿದ್ದ ಮಾತುಗಳೇ. ಈಗ ಕೇಳುವವರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬಂದವರೆಲ್ಲ ಉಡಿ ತುಂಬುತ್ತ ಹೋದಂತೆ ಅರ್ಜಿ ಹದಿನೇಳಾಯಿತು, ಊಟ ಮುಗಿಸಿ ಬರುವಷ್ಟರಲ್ಲಿ ಹದಿನೆಂಟು, ನಾಲ್ಕಕ್ಕೆ ಹತ್ತೊಂಬತ್ತು.

ಅಷ್ಟರಲ್ಲಿ ಕುಲಸಚಿವರ ಕಚೇರಿಯ ನರಸಿಂಹ ಬಾಗಿಲಿಗೆ ಬಂದು ನಿಂತರು.

"ಮೇಡಮ್ಮಾರೆ, ಅರ್ಜಿ ಫೈಲು ಒಳಗ ಅದ. ಐದಕ್ಕ ಮ್ಯಾಲ ಕಳಸಬೇಕು. ಒಳಗ ಬರ್ಲೇನು?"

"ಆರತಿ ಆಗಿಲ್ಲ. ಗಂಡಸರು ಬರಂಗಿಲ್ರಿ," ಎಂದಳು ಸುಮಿತ್ರವ್ವ.

"ಅವ್ವಾ, ಇದು ವಿಶ್ವವಿದ್ಯಾಲಯ ಅದ."

"ಇರ್ಲಿ. ಅದಕ್ಕೂ ಹೊರಗ ಒಂದು ಪಡಸಾಲಿ ಐತಲ್ಲ, ಕುಂಡ್ರಿ."

ನರಸಿಂಹ ಹೋಗಿ ಕೂತರು. ಅದೇ ಬೆಂಚಿನಲ್ಲಿ ಆಗತಾನೆ ಬಂದ ಇನ್ನೊಬ್ಬ ಗಂಡಸು ಕೂತಿದ್ದ. ವಾಣಿಶ್ರೀ ಬಾಗಿಲ ಸಂದಿಯಲ್ಲಿ ಕಂಡಳು: ಅಪ್ಪ. ನಿಜಲಿಂಗಪ್ಪ ಮಡಿಲಲ್ಲಿ ಚೀಲ ಇಟ್ಟುಕೊಂಡು ಮುಖ ಬಿಗಿದಿದ್ದ.

"ಅಪ್ಪಾ, ಅರ್ಜಿ..."

"ಬಸ್ಸು ಐದೂವರಿಗೆ ಐತಿ. ಆಯೀನ್ನ ಕರಿ. ಮನಿಗೆ ಹೋಗೂಣು."

"ಸಹಿ?"

"ಊರಾಗ ಬಿ.ಕಾಂ. ಇಲ್ಲೇನ? ಮನಿಯಿಂದ ಎರಡು ಓಣಿ. ನೀ ಕೇಳಿದ ಹಳದಿ ಸ್ಕೂಟಿನೂ ಕೊಡಸ್ತೀನಿ. ಹೋಗಿ ಬಂದು ಮಾಡು."

ಆ ಸ್ಕೂಟಿಗಾಗಿ ಅವಳು ಎರಡು ವರ್ಷ ಅಪ್ಪನ ಬೆನ್ನು ಬಿದ್ದಿದ್ದಳು. ಈಗ ಅವಳ ಬಾಯಿ ತೆರೆಯಿತು, ಮಾತು ಬರುವ ಮೊದಲೇ ಒಳಗಿನಿಂದ ಅಜ್ಜಿಯ ಕೂಗು ಬಂತು.

"ವಾಣೀ! ಬಾರಬೇ! ಮೇಡಮ್ಮ ಹೆರಿಗಿ ತೋರಸ್ತಾಳಂತ!"

ತಾಯಂದಿರೇ ಕೇಳಿದ್ದರು. ಕುಬಸ ಆಯಿತು, ಮುಂದಿನದೂ ಆಗಿಬಿಡಲಿ. ಮಂಚದ ಬದಿಯ ಹಿಡಿಕೆ ತಿರುಗಿಸಿದರೆ ಒಳಗಿನ ರಬ್ಬರ್ ಕೂಸು ಮುಂದೆ ಸರಿಯುತ್ತದೆ. ಸುಶ್ಮಿತಾ ತಿರುಗಿಸಿದಳು. ತಲೆ ಕಂಡಿತು. ತಲೆ ಪೂರ್ತಿ ಬಂತು, ಅಲ್ಲೇ ನಿಂತಿತು.

"ಭುಜ ಸಿಕ್ಕೊಂಡೈತಿ," ಎಂದಳು ಸುಶ್ಮಿತಾ. ಅವಳ ಕಿವಿ ಕೆಂಪಾಗಿತ್ತು. "ಹಿಡಿಕಿ ಬಿಟ್ರ ಒಳಗ ಹೋಗ್ತೈತಿ. ವಾಣಿಶ್ರೀ, ಗ್ಲೌಸ್ ಹಾಕ್ಕೋ."

ಹಾಕಿಕೊಂಡಳು. ಜಾರಲೆಂದು ಮೊದಲೇ ಹಚ್ಚಿದ್ದ ಜೆಲ್ ಮುಂಗೈತನಕ ಮೆತ್ತಿತು.

"ಜಗ್ಗಬ್ಯಾಡ. ತಲಿ ಎರಡೂ ಕಡೆ ಹಿಡಿ. ಕೆಳಗ ಬಾಗಸು. ಕೂಸು ಬರ್ತೈತಿ, ನೀ ಬರೇ ದಾರಿ ಕೊಡು."

ವಾಣಿಶ್ರೀ ಕಣ್ಣು ಮುಚ್ಚಿದಳು. ಒಳಗೆ ಎಲ್ಲೋ ಒಂದು ಅಂಚಿಗೆ ಭುಜ ತಾಗಿರುವುದು ಬೆರಳಿಗೆ ತಿಳಿಯಿತು. ಒಂದು ಕೂದಲೆಳೆಯಷ್ಟು ಬಾಗಿಸಿದಳು. ಅಂಚು ತಪ್ಪಿತು. ಮೇಲಿನ ಭುಜ, ಕೆಳಗಿನ ಭುಜ, ಆಮೇಲೆ ಇಡೀ ಕೂಸು ಒಮ್ಮೆಲೇ ಅವಳ ಅಂಗೈಗೆ ಜಾರಿ ಬಂತು. ಎಷ್ಟು ಭಾರ! ಇಷ್ಟು ಭಾರವಿರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹೆಂಗಸರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಬಾಗಿಲ ಕಡೆಯಿಂದ ಗಂಡು ದನಿಯೊಂದು ಬಂತು.

"ಏನ್ ಕೂಸು?"

ಎಲ್ಲರೂ ತಿರುಗಿದರು. ನಿಜಲಿಂಗಪ್ಪ ಹೊಸ್ತಿಲಾಚೆ ಕತ್ತು ಚಾಚಿ ನಿಂತಿದ್ದ. ತಾನು ಕೇಳಿದ್ದು ಅವನಿಗೇ ಆಮೇಲೆ ಕೇಳಿಸಿದಂತಿತ್ತು. ಪಕ್ಕದಲ್ಲಿ ನರಸಿಂಹರೂ ಕತ್ತು ಚಾಚಿದ್ದರು.

ಸುಮಿತ್ರವ್ವ ಕೂಸನ್ನು ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿ ಮಗನಿಗೆ ಹೇಳಿದಳು. "ಕಂಪನಿಯವ್ರು ಏನೂ ಮಾಡಿಲ್ಲಲೇ ನಿಂಗ್ಯಾ. ನೀ ಏನಂತಿ ಅದು."

ನಗು ಕೋಣೆ ದಾಟಿ ಪಡಸಾಲೆಗೂ ಹೋಯಿತು. ನಿಜಲಿಂಗಪ್ಪ ನಗಲಿಲ್ಲ. ಮಗಳ ಕೈ ನೋಡುತ್ತಿದ್ದ.

"ನೀ ಹುಟ್ಟಿದಾಗ ಹಿಂಗ ಬಾಗಲಾಗ ನಿಂತಿದ್ದೆ," ಎಂದ. "ನರ್ಸ್ ಹೊರಗ ಬಂದ್ಳು. 'ಹೆಣ್ಣ ಕೂಸು, ಇಬ್ರೂ ಆರಾಮ ಅದಾರ' ಅಂದ್ಳು. ಅಕಿ ಕೈನೂ ಹಿಂಗ ಒದ್ದಿ ಆಗಿತ್ತು. ನಾ ಎಲ್ಲಾರಿಗೂ ಪೇಢಾ ಕೊಟ್ಟೆ. ವಾಚ್‌ಮನ್ನಗೂ ಕೊಟ್ಟೆ. ಅಕಿಗೆ ಕೊಡಲಿಲ್ಲ. ಆ ಕೈಯಾಗ ಹೆಂಗ ಕೊಡೂದಂತ ಬಿಟ್ಟೆ."

"ಹೆಸರೇನಿತ್ತಪ್ಪಾ ಅಕೀದು?"

"ಕೇಳಲಿಲ್ಲ."

ಅವನು ಚೀಲ ಬಿಚ್ಚಿದ. ಮನೆಯಿಂದ ಕಟ್ಟಿ ಕಳಿಸಿದ್ದ ಶೇಂಗಾ ಉಂಡೆಗಳಿದ್ದವು. ಒಂದನ್ನು ತೆಗೆದು, ಜೆಲ್ ಸೋರುತ್ತಿದ್ದ ಗ್ಲೌಸಿನ ಅಂಗೈಯಲ್ಲಿ ಇಟ್ಟ.

"ಯಪ್ಪಾ, ಅದನ್ನ ತಿನ್ನಾಕ ಬರಂಗಿಲ್ಲಿನ್ನ!"

"ತಿನ್ನಬ್ಯಾಡ. ಹಿಡಕೋ."

"ಯಜಮಾನ್ರ," ನರಸಿಂಹ ಗಡಿಯಾರ ತೋರಿಸಿದರು. "ಐದಕ್ಕ ನಾಕು ನಿಮಿಷ ಅವ."

ಆರತಿ ಮುಗಿದಿತ್ತು, ಕೂಸು ಹುಟ್ಟಿತ್ತು. ಸುಮಿತ್ರವ್ವ ಇಬ್ಬರಿಗೂ ಒಳಗೆ ಬರಲು ಅಪ್ಪಣೆ ಕೊಟ್ಟಳು. ಸುಶ್ಮಿತಾ ಅರ್ಜಿಯನ್ನು ಮಂಚದ ಅಂಚಿನ ಮೇಲೆ ಹರಡಿದಳು. ನಿಜಲಿಂಗಪ್ಪ ಹಸಿರು ಸೀರೆಯ ನಿರಿಗೆಯನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸಿ, ಬಾಗಿ, ಅಂಗಡಿಯ ಸಹಿಯನ್ನಲ್ಲ, ಪೂರ್ತಿ ಹೆಸರನ್ನೇ ಬರೆದ. ಕೆಳಗೆ ಒಂದು ಗೆರೆಯನ್ನೂ ಎಳೆದ. ಸುಶ್ಮಿತಾ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

ಕಾಗದವನ್ನು ಮಾತ್ರ ಅವನು ಕೊಡಲಿಲ್ಲ. ಹೆಬ್ಬೆರಳು ಅದರ ಮೇಲೇ ಇತ್ತು.

"ಕಡಿಗೆ ಒಂದು ಮಾತು," ಎಂದ ಮೆಲ್ಲಗೆ. "ಸ್ಕೂಟಿ ನೋಡಿ ಬಂದೀನಿ. ನಿಂಬಿ ಹಣ್ಣಿನ ಬಣ್ಣ. ಹೂಂ ಅಂದ್ರ ನಾಳೆ ಮುಂಜಾನಿ ಮನಿ ಮುಂದ ನಿಂತಿರ್ತೈತಿ."

ವಾಣಿಶ್ರೀ ಗ್ಲೌಸ್ ತೆಗೆದು, ಅವನ ಹೆಬ್ಬೆರಳಿನ ಕೆಳಗಿನಿಂದ ಕಾಗದ ಎಳೆದುಕೊಂಡಳು.

"ಒಲ್ಲೆ."