ದೊಡ್ಡಮ್ಮ ಏನಾದರೂ ಹೇಳಲಿ

ದೊಡ್ಡಮ್ಮನ ತಲೆದಿಂಬಿನ ಅಂಚಿನಲ್ಲಿ ಒಂದು ಮಾಸಲು ಕಲೆ, ನಾವೇ ಒಗೆದು ಕಳಿಸಿದ್ದು, ಈ ವಾರ್ಡಿನ ಬಟ್ಟೆಯೆಲ್ಲ ನಮ್ಮ ಲಾಂಡ್ರಿಯದೇ, ದೊಡ್ಡಮ್ಮನಿಗೆ ಮಾತು ಇದ್ದಿದ್ದರೆ ಮೊದಲು ಇದಕ್ಕೇ ಬೈಯುತ್ತಿದ್ದರು — ಯಾರೇ ಇದನ್ನ ಪಾಸ್ ಮಾಡಿದ್ದು, ಕಣ್ಣನ್ನ ಎಲ್ಲಿ ಅಡವಿಟ್ಟು ಬಂದ್ರಿ — ಬೈಯಲಿ, ಒಂದೇ ಒಂದು ಸಲ ಬೈಯಲಿ, ಸೊಟ್ಟಗಾದ ಆ ಬಾಯಿಂದ ಏನಾದರೂ ಹೊರಡಲಿ, ಸಂಜೆಯೊಳಗೆ ನಾನು ಈ ಆಸ್ಪತ್ರೆಯ ಮ್ಯಾನೇಜರಿಗೆ ಉತ್ತರ ಕೊಡಬೇಕು. ದೊಡ್ಡಮ್ಮ ಎಂದರೆ ನೆಂಟಸ್ತಿಕೆಯೇನಿಲ್ಲ, ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗವನ್ನು ನಿವೃತ್ತಿಯವರೆಗೂ ಆಳಿದವರು, ಕಿವಿ ಕೇಳದ ಹೆಂಗಸರಿಗೆ ಕೆಲಸ ಕೊಡುತ್ತೇನೆಂದು ನಾನು ಊರೆಲ್ಲ ಭಾಷಣ ಬಿಗಿಯುತ್ತಿದ್ದ ಕಾಲದಲ್ಲಿ ಹಿಂದಿನ ಕುರ್ಚಿಯಿಂದ ಎದ್ದು ಬಂದು, ಅದೆಲ್ಲ ಸರಿ ಮಗಾ, ರಕ್ತದ ಕಲೆಗೆ ಬಿಸಿನೀರು ಹಾಕ್ತಾರೋ ತಣ್ಣೀರೋ ಎಂದು ಕೇಳಿದರು, ಬಿಸಿನೀರು ಎಂದೆ, ಹಣೆ ಚಚ್ಚಿಕೊಂಡರು, ಮರುದಿನ ಬೆಳಿಗ್ಗೆ ತೋಳು ಮಡಚಿಕೊಂಡು ಬಂದು ನಿಂತರು. ಅಂದಿನಿಂದ ನನಗೆ ಯೋಚಿಸುವ ಕೆಲಸವೇ ಇರಲಿಲ್ಲ, ಸೋಪು ಯಾವುದು, ಯಾರನ್ನು ನಂಬಬೇಕು, ಯಾರಿಗೆ ದೂರದಿಂದಲೇ ಕೈಮುಗಿಯಬೇಕು, ಎಲ್ಲಕ್ಕೂ ದೊಡ್ಡಮ್ಮ, ನೀನು ಅವರ ಬಾಲ ಎಂದು ತಂಗಿ ಕೈಸನ್ನೆಯಲ್ಲೇ ಅಣಕಿಸುತ್ತಿದ್ದಳು — ತಂಗಿ, ಹುಟ್ಟಿನಿಂದ ಕಿವಿ ಕೇಳದವಳು, ಅವಳಿಗಾಗಿಯೇ ಅಲ್ಲವೇ ಇದೆಲ್ಲ ಶುರುವಾದದ್ದು, ಬಾಯ್ಲರ್ ಅವಳದೇ ಜವಾಬ್ದಾರಿ, ಹಬೆಯ ಒತ್ತಡ ಮೀರಿ ಅದು ಶಿಳ್ಳೆ ಹೊಡೆದಾಗ ಕೆಂಪು ದೀಪವೂ ಹತ್ತುವ ಹಾಗೆ ಮಾಡಿಸು ಎಂದು ಎಷ್ಟು ಸಲ ಕೇಳಿದ್ದಳು, ನಾನು ದೊಡ್ಡಮ್ಮನನ್ನು ಕೇಳಿದೆ, ಬೇಡ ಬಿಡು, ಕೇಳಿಸೋರು ಒಬ್ರು ಪಕ್ಕದಲ್ಲಿದ್ರೆ ಸಾಕು ಎಂದರು, ನಾನೂ ಬಿಟ್ಟೆ, ಆ ಕೇಳಿಸುವವಳು ಫೋನು ಬಂತೆಂದು ಹೊರಗೆ ಹೋದಳು, ಶಿಳ್ಳೆ ಕೂಗಿಕೊಂಡಿತು, ತಂಗಿ ಬೆನ್ನು ಮಾಡಿ ನಿಂತಿದ್ದಳು, ಹಬೆ ಚಿಮ್ಮಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ — ಬೇಡ, ಅದು ಬೇಡ. ನಾನೇ ಬೇಡ ಅಂದೆನಲ್ಲೇ ಎಂದರು ದೊಡ್ಡಮ್ಮ, ಊಟ ಬಿಟ್ಟರು, ಆ ವಾರವೇ ಪಾರ್ಶ್ವವಾಯು.

ತಂಗಿಯ ಕೈ ಸುಟ್ಟ ಸುದ್ದಿ ಕೇಳಿ ಈಗ ಆ ಮ್ಯಾನೇಜರ್ ಹೇಳುತ್ತಾನೆ, ಮೇಡಂ, ನಿಮ್ಮ ಸೇವೆ ಬಗ್ಗೆ ಗೌರವ ಇದೆ, ಆದ್ರೆ ಕಿವಿ ಕೇಳದವರನ್ನೆಲ್ಲ ತೆಗೆದು ಬೇರೆಯವರನ್ನ ಹಾಕಿ, ಇಲ್ಲಾಂದ್ರೆ ನಮ್ಮ ಬಟ್ಟೆ ನಿಮಗಿಲ್ಲ. ತೆಗೆದರೆ ಲಾಂಡ್ರಿ ಉಳಿಯುತ್ತದೆ, ಯಾರಿಗಾಗಿ ಉಳಿಯುತ್ತದೆ, ತೆಗೆಯದಿದ್ದರೆ ಎಲ್ಲರೂ ಬೀದಿಗೆ, ಅತ್ತ ದರಿ ಇತ್ತ ಪುಲಿ, ದೊಡ್ಡಮ್ಮ, ಹೂಂ ಅನ್ನಿ, ಇಲ್ಲ ಉಹೂಂ ಅನ್ನಿ, ರೆಪ್ಪೆ ಬಡಿದರೂ ಸಾಕು, ನೀವು ಹೇಳದೆ ನಾನು ಒಂದು ಬಕೆಟ್ಟೂ ಕೊಂಡವಳಲ್ಲ, ನೋಡುತ್ತಾರೆ, ನೋಡುತ್ತಲೇ ಇದ್ದಾರೆ, ಎಡಗೈ ಹೊದಿಕೆಯಡಿಯಿಂದ ತೆವಳಿ ಬರುತ್ತದೆ, ಒಂದೇ ಬೆರಳು ಏಳುತ್ತದೆ, ನನ್ನ ಕಡೆಗೆ. ನಾನಾ, ನಾನೇ ಹೇಳಬೇಕಾ — ಫೋನು ಅದುರುತ್ತಿದೆ, ಅವನೇ, ಏನ್ ಮಾಡಿದ್ರಿ ಮೇಡಂ, ಯಾರನ್ನೂ ತೆಗೆಯಲ್ಲ ಸರ್, ಕೆಂಪು ದೀಪ ಹಾಕಿಸ್ತೀನಿ, ಆಮೇಲೆ ನೀವೇ ಬಂದು ನೋಡಿ, ಇದು ನನ್ನ ದನಿಯೇ, ಆ ಕಡೆ ಒಂದು ನಿಟ್ಟುಸಿರು, ಹಾಗಾದ್ರೆ ನಾಳೆಯಿಂದ ಬಟ್ಟೆ ಕಳಿಸಲ್ಲ, ತಪ್ಪು ತಿಳ್ಕೋಬೇಡಿ. ಮುಗಿಯಿತು, ಸ್ವಂತ ಬುದ್ಧಿಯಿಂದ ಬಾಯಿ ತೆರೆದ ಮೊದಲ ಸಲವೇ ಎಲ್ಲರ ಅನ್ನ ಕಳೆದೆ, ತಂಗಿಗೆ ಯಾವ ಸನ್ನೆಯಲ್ಲಿ ಹೇಳಲಿ, ಹಾಳು ಮಾಡಿಬಿಟ್ಟೆನಾ ದೊಡ್ಡಮ್ಮ, ಬೆರಳು ಇಳಿದಿಲ್ಲ, ತಿರುಗಿ ನೋಡಿದರೆ ನನ್ನ ಬೆನ್ನ ಹಿಂದೆ ನೀರಿನ ಜಗ್ಗು, ಅಯ್ಯೋ, ಬಾಯಾರಿಕೆಯಾ, ಇಷ್ಟು ಹೊತ್ತೂ ಕೇಳಿದ್ದು ನೀರನ್ನಾ, ನೀರಿಗಾಗಿ ಎತ್ತಿದ ಬೆರಳನ್ನು ನಂಬಿ ನಾನು — ಚಮಚ ತುಟಿಗಿಡುತ್ತೇನೆ, ತುಟಿ ಬಿಗಿದುಕೊಂಡರು, ನೀರು ಗಲ್ಲದ ಮೇಲೆ ಇಳಿಯಿತು, ಎದ್ದು ಕಿಟಕಿಯ ಹತ್ತಿರ ಹೋಗುತ್ತೇನೆ, ಬೆರಳು ಕಿಟಕಿಯತ್ತ ತಿರುಗುತ್ತದೆ, ಬಾಗಿಲ ಕಡೆ ಸರಿಯುತ್ತೇನೆ, ಬೆರಳೂ ಸರಿಯುತ್ತದೆ, ನೀರಿನ ಕಡೆಗಲ್ಲ, ನನ್ನ ಕಡೆಗೇ, ಆ ಬೆರಳು.