ಹೋಲ್‌ಶೈಡ್ ದಾಟಿದ ಬೆನ್ನಬುಟ್ಟಿ

ಒಂದು ಚಳಿಗಾಲದಲ್ಲಿ, ಉರಿಯುವ ಒಲೆಯ ಪಕ್ಕ, ಒಬ್ಬ ಮುದುಕನ ಎರಡು ಮಂಡಿಗಳ ನಡುವೆ ನಾನು ಹುಟ್ಟಿದೆ. ನಾನು ಬೆನ್ನಬುಟ್ಟಿ. ಕಾಡಂಚಿನ ಹೇಜಲ್ ಗಿಡದ ಕೋಲುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಸೀಳಿ, ಚಾಕುವಿನಿಂದ ನುಣ್ಣಗೆ ಹೆರೆದು ಕಾನ್ರಾಡ್ ನನ್ನನ್ನು ಹೆಣೆದ. ಬೆನ್ನಿಗೆ ತಾಗುವ ಕಡೆ ಚಪ್ಪಟೆ, ಆಚೆ ಕಡೆ ಬಸುರಿಯ ಹೊಟ್ಟೆಯಂತೆ ಉಬ್ಬು. ಹೆಗಲಿಗೆ ಏರಿಸಿಕೊಳ್ಳಲು ಹಳೆಯ ಕುದುರೆ ಜೀನಿನಿಂದ ಕತ್ತರಿಸಿದ ಎರಡು ತೊಗಲಪಟ್ಟಿ.

ಕಾನ್ರಾಡನ ಕಿರಿಮಗಳು ಓಟೀಲಿಯೆಗೆ ಮದುವೆ ನಿಶ್ಚಯವಾಗಿತ್ತು. ಮನೆಯವರಿಗೆಲ್ಲ ಅವಳು ತೀಲಿ. ಗಂಡಿನ ಊರು ಬೆಟ್ಟದ ಆಚೆ. ಕೊನೆಯ ಕೋಲನ್ನು ಅಂಚಿಗೆ ಸಿಕ್ಕಿಸುತ್ತಾ ಕಾನ್ರಾಡ್ ಮಗಳಿಗೆ ಹೇಳಿದ: "ಅತ್ತೆಮನೆಗೆ ಹೋದ್ಮೇಲೆ ತೌರಿಗೆ ಬರೋಕೆ ಒಂದು ನೆಪ ಬೇಕಲ್ಲ. ಬೆನ್ನ ಮೇಲೆ ಬುಟ್ಟಿ ಇದ್ರೆ ಎಲ್ಲಿಗೆ ಹೊರಟೆ ಅಂತ ಯಾರೂ ಕೇಳೋದಿಲ್ಲ."

ಆ ಬೆಟ್ಟಕ್ಕೆ ಹೋಲ್‌ಶೈಡ್ ಎಂದು ಹೆಸರು. ಬೆಟ್ಟ ಎಂದರೆ ದೂರದ ಊರಿನವರಿಗೆ ನಗು ಬಂದೀತು. ಜರ್ಮನಿಯ ನಟ್ಟನಡುವೆ ಮಲಗಿದ, ಬೀಚ್ ಮರಗಳು ದಟ್ಟವಾಗಿ ಕವಿದ ಉದ್ದನೆಯ ದಿಣ್ಣೆ ಅದು. ಬೆಳಗಿನ ಗಂಜಿ ಕುಡಿದು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಆಚೆ ಇಳಿಯಬಹುದು. ಆದರೆ ಅಷ್ಟು ಸಣ್ಣ ಬೆಟ್ಟ ಎರಡು ನೆಲಗಳನ್ನು ಬೇರೆ ಮಾಡಿತ್ತು. ಈಚೆ, ಕಾನ್ರಾಡನ ಊರಾದ ರೋಟ್‌ಬಾಖ್ ಕಡೆ, ಕೆಂಪು ಮರಳುಗಲ್ಲು. ಎಲ್ಲಿ ನೋಡಿದರೂ ತೊರೆ, ಒರತೆ, ಪಾಚಿ. ಮಡಕೆಗೆ ಒಳ್ಳೆಯ ಜೇಡಿಯೂ ಇತ್ತು. ಆದರೆ ಗೋಧಿ ಮಾತ್ರ ಮೊಣಕಾಲೆತ್ತರ ಬೆಳೆದು ಜೊಳ್ಳಾಗುತ್ತಿತ್ತು. ಆಚೆ, ಕಾಲ್ಕ್‌ರೋಡ್ ಕಡೆ, ಬಿಳಿ ಸುಣ್ಣಗಲ್ಲು. ಅಲ್ಲಿ ಗೋಧಿ ಬರುತ್ತಿತ್ತು, ಪ್ಲಮ್ ಹಣ್ಣು ಕೊಂಬೆ ಬಗ್ಗಿಸುತ್ತಿತ್ತು. ಆದರೆ ಸುರಿದ ಮಳೆಯನ್ನೆಲ್ಲ ನೆಲದ ಕುಳಿಗಳು ನುಂಗಿಬಿಡುತ್ತಿದ್ದವು. ಹೆಂಗಸರು ಸೂರಿನ ನೀರನ್ನು ಮಡಕೆಗಳಲ್ಲಿ ಹಿಡಿದಿಡುತ್ತಿದ್ದರು. ಹಾಗಾಗಿ ಆಚೆಯವರಿಗೆ ಈಚೆಯ ಮಡಕೆ ಬೇಕು, ಈಚೆಯವರಿಗೆ ಆಚೆಯ ಹಿಟ್ಟು ಬೇಕು. ನೆತ್ತಿಯ ಮೇಲೆ ಹಳೆಯ ಅರಸರ ಗಡಿಕಲ್ಲುಗಳು ಪಾಚಿ ಹಿಡಿದು ನಿಂತಿದ್ದವು. ಸರಕು ಹೊತ್ತು ದಾಟುವ ಹೆಂಗಸರು ಅವುಗಳ ಮೇಲೆ ನಮ್ಮಂಥ ಬುಟ್ಟಿಗಳನ್ನಿಟ್ಟು ದಣಿವಾರಿಸಿಕೊಳ್ಳುತ್ತಿದ್ದರು. ಆ ಕಲ್ಲುಗಳಿಗೆ ಇದ್ದ ಉಪಯೋಗ ಅಷ್ಟೇ.

ಮದುವೆಯಾದ ಮೇಲೆ ತೀಲಿ ನನ್ನನ್ನು ಹೊತ್ತು ಎಷ್ಟು ಸಲ ಆ ದಿಣ್ಣೆ ದಾಟಿದಳೋ. ತೌರಿಗೆ ಹೋಗುವಾಗ ಹಿಟ್ಟು, ಒಣಗಿಸಿದ ಪ್ಲಮ್. ಮರಳುವಾಗ ಹುಲ್ಲು ಸುತ್ತಿದ ಮಡಕೆ, ಬೇಸಿಗೆಯಾದರೆ ಕಾಡಿನ ಕಪ್ಪುಹಣ್ಣು. ನನಗೆ ಅವಳ ಮುಖ ಕಾಣುತ್ತಿರಲಿಲ್ಲ. ಏದುಸಿರು, ಕತ್ತಿನ ಬೆವರು, ಪಟ್ಟಿಯ ಕೆಳಗೆ ಕೆಂಪಾಗುವ ಹೆಗಲು, ಇವುಗಳಿಂದಲೇ ಅವಳನ್ನು ಬಲ್ಲೆ. ಏರುದಾರಿಯಲ್ಲಿ ಮಾತಿಲ್ಲ. ಇಳಿದಾರಿಯಲ್ಲಿ ಮೂಗಿನಲ್ಲೇ ಏನಾದರೊಂದು ಹಾಡು.

ಅವಳು ತೌರಿಗೆ ಬರುತ್ತಿದ್ದುದು ಅಕ್ಕನಿಗಾಗಿ. ಮಿನ್ನಾ ಹುಟ್ಟುವಾಗಲೇ ಸೊಂಟದ ಕೀಲು ಜಾರಿ ಒಂದು ಕಾಲು ಮೋಟಾಗಿತ್ತು. ಊರುಗೋಲಿನ ಮೇಲೆ ಅಂಗಳ ದಾಟಿ, ಪಕ್ಕದ ಕುಂಬಾರ ಗೆರೋಲ್ಡನ ಚಾವಡಿಯವರೆಗೆ ಹೋಗುವುದೇ ಅವಳ ದೂರಪ್ರಯಾಣ. ಅಲ್ಲಿ ಕೂತು ಹಸಿ ಮಡಕೆಗಳ ಮೇಲೆ ಹಸುವಿನ ಕೊಂಬಿನ ತುದಿಯಿಂದ ಬಿಳಿ ಜೇಡಿಯ ರಸ ಇಳಿಬಿಟ್ಟು ಹೂಬಳ್ಳಿ ಬರೆಯುತ್ತಿದ್ದಳು. ಆಚೆಯ ಊರಿನಲ್ಲಿ ಮನೆಮನೆಯಲ್ಲೂ ಮಿನ್ನಾಳ ಬಳ್ಳಿಯ ಮಡಕೆಗಳಿದ್ದವು. ಆಚೆಯ ಊರನ್ನು ಮಾತ್ರ ಮಿನ್ನಾ ಕಂಡವಳಲ್ಲ. ತೀಲಿ ಬಂದಾಗೆಲ್ಲ ಕೇಳುತ್ತಿದ್ದಳು: "ಅಲ್ಲಿ ಮಣ್ಣು ನಿಜವಾಗ್ಲೂ ಬೆಳ್ಳಗಿದೆಯೇನೆ?"

ಯುದ್ಧ ಬಂತು. ತೀಲಿಯ ಗಂಡ ಎವಾಲ್ಡ್ ಸುಣ್ಣದ ಗೂಡಿನ ಕೆಲಸ ಬಿಟ್ಟು ಬಂದೂಕು ಹಿಡಿದು ಹೋದ. ಆಗ ಮಗಳು ಇರ್ಮಾ ಹಾಲುಗೂಸು. ಸತ್ತನೆಂಬ ಸುದ್ದಿ ಬರಲಿಲ್ಲ, ಅವನೂ ಬರಲಿಲ್ಲ. ಕಾನ್ರಾಡ್ ಯುದ್ಧ ಮುಗಿಯುವ ಮೊದಲೇ ತೀರಿಕೊಂಡ. ಗೆದ್ದವರು ದೇಶ ಹಂಚಿಕೊಳ್ಳುವಾಗ, ಯಾವುದೋ ಕೋಣೆಯಲ್ಲಿ ನಕ್ಷೆ ಹರಡಿ, ಆ ಹಳೆಯ ಗಡಿಕಲ್ಲುಗಳ ಸಾಲಿನ ಮೇಲೇ ಗೆರೆ ಎಳೆದರಂತೆ. ರೋಟ್‌ಬಾಖ್ ಒಂದು ಪಾಲಿಗೆ, ಕಾಲ್ಕ್‌ರೋಡ್ ಇನ್ನೊಂದು ಪಾಲಿಗೆ ಬಿತ್ತು.

ಮೊದಮೊದಲು ಗೆರೆ ನಕ್ಷೆಯಲ್ಲಷ್ಟೇ ಇತ್ತು. ಆಮೇಲೆ ಬಣ್ಣ ಬಳಿದ ಕಂಬಗಳು ಬಂದವು, ಆಚೆ ಬದಿಯಲ್ಲಿ ಬಂದೂಕು ಹಿಡಿದ ಕಾವಲಿನವರು ಬಂದರು. ಹೆಂಗಸರು ಆದರೂ ದಾಟುತ್ತಿದ್ದರು. ಕಾವಲಿನವರಲ್ಲಿ ಕೆಲವರು ಬುಟ್ಟಿಯಿಂದ ಒಂದು ಹಿಡಿ ಪ್ಲಮ್ ತೆಗೆದುಕೊಂಡು ಮುಖ ತಿರುಗಿಸುತ್ತಿದ್ದರು, ಕೆಲವರು ಬುಟ್ಟಿಯನ್ನೇ ಕಿತ್ತುಕೊಳ್ಳುತ್ತಿದ್ದರು. ಒಮ್ಮೊಮ್ಮೆ ಮರಗಳ ನಡುವೆ ಗುಂಡಿನ ಸದ್ದು ಕೇಳುತ್ತಿತ್ತು.

ಹೀಗಿರುವಾಗ ಒಂದು ಶರತ್ಕಾಲದಲ್ಲಿ ಮಿನ್ನಾಳಿಗೆ ಎದೆರೋಗ ಹತ್ತಿತು. ಮಡಕೆ ಮಾರಲು ಬಂದವಳೊಬ್ಬಳು ತೀಲಿಯ ಕಿವಿಗೆ ಸುದ್ದಿ ಹಾಕಿದಳು. ಮರುದಿನ ಇನ್ನೂ ನಸುಕು, ಬೆಟ್ಟವೇ ಕಾಣದಷ್ಟು ಮಂಜು. ತೀಲಿ ಇರ್ಮಾಳನ್ನು ಅತ್ತೆಯ ಹತ್ತಿರ ಬಿಟ್ಟು, ಏನನ್ನೂ ತುಂಬದೆ, ಬರಿದಾದ ನನ್ನನ್ನು ಹೆಗಲಿಗೇರಿಸಿ ಹೊರಟಳು. ಮಂಜಿನಲ್ಲಿ ಯಾರ ಕಣ್ಣಿಗೂ ಬೀಳದೆ ರೋಟ್‌ಬಾಖ್‌ಗೆ ಇಳಿದೆವು. ಮಿನ್ನಾ ಕಿಟಕಿಯ ಪಕ್ಕ ಹಾಸಿಗೆಯಲ್ಲಿದ್ದಳು. ಗೆರೋಲ್ಡನ ಹೆಂಡತಿ ಬೆರ್ಟಾ ಅವಳಿಗೆ ಗಂಜಿ ಕುಡಿಸುತ್ತಿದ್ದಳು.

"ಅಕ್ಕ, ನಿನ್ನ ಕರ್ಕೊಂಡು ಹೋಗೋಕೆ ಬಂದಿದೀನಿ. ನಮ್ಮನೇಲಿ ಇರು."

"ಹೆಂಗೆ ಹೋಗ್ಲಿ? ಹಾರ್ಕೊಂಡಾ?"

"ಬುಟ್ಟೀಲಿ ಕೂತ್ಕೋ."

ಮಿನ್ನಾ ನಕ್ಕಳು. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ. "ನಾನೇನು ಆಲೂಗಡ್ಡೆನಾ?"

"ಆಲೂಗಡ್ಡೆನೇ ನಿನಗಿಂತ ಭಾರ."

"ನೀನೇ ಮಗೀನ ಕರ್ಕೊಂಡು ಈ ಕಡೆ ಬಂದುಬಿಡೆ, ತೀಲಿ."

"ಎವಾಲ್ಡ್ ಬಂದ್ರೆ ಆ ಮನೆಗೆ ತಾನೇ ಬರೋದು. ಅತ್ತೆ ಬೇರೆ ಏಳೋ ಸ್ಥಿತೀಲಿಲ್ಲ. ಅವರನ್ನ ಹೆಂಗೆ ಬಿಟ್ಟು ಬರ್ಲಿ?"

ಅಡುಗೆಮನೆಯ ಚಾಕು ತಂದು ತೀಲಿ ನನ್ನ ಉಬ್ಬಿದ ಹೊಟ್ಟೆಯನ್ನು ಕೊಯ್ದಳು. ಕಾಲು ಇಳಿಬಿಡಲು ಜಾಗ ಬೇಕಿತ್ತು. ಅಪ್ಪನ ಹೆಣಿಗೆ ಕಡಿಯುವಾಗ ಅವಳ ಕೈ ಒಂದು ಕ್ಷಣ ನಿಂತಿತು, ಅಷ್ಟೇ. ಬೆರ್ಟಾಳೂ ಅವಳೂ ಸೇರಿ ಮಿನ್ನಾಳನ್ನು ಕಂಬಳಿಯಲ್ಲಿ ಸುತ್ತಿ ನನ್ನೊಳಗೆ ಕೂರಿಸಿದರು. ತೀಲಿ ಮೊಣಕಾಲೂರಿ, ಗೋಡೆ ಹಿಡಿದು ಎದ್ದು ನಿಂತಳು.

ಆ ದಿನದ ಏರುದಾರಿಯನ್ನು ನಾನು ಮರೆತಿಲ್ಲ. ಒದ್ದೆ ಎಲೆಗಳ ಮೇಲೆ ತೀಲಿಯ ಕಾಲು ಜಾರುತ್ತಿತ್ತು. ಪ್ರತಿ ಮರಕ್ಕೂ ಕೈಕೊಟ್ಟು ಹತ್ತುತ್ತಿದ್ದಳು. ಮಿನ್ನಾ ಹಿಮ್ಮುಖವಾಗಿ ಕೂತು, ಮಂಜಿನೊಳಗಿಂದ ಎದ್ದು ಬಂದು ಮತ್ತೆ ಮಂಜಿಗೇ ಸರಿಯುವ ಬೀಚ್ ಮರಗಳನ್ನು ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಬೆಟ್ಟದ ಬುಡದಲ್ಲೇ ಇದ್ದವಳು ಬೆಟ್ಟ ಹತ್ತಿದ್ದು ಅದೇ ಮೊದಲು. ಕೆಮ್ಮು ಬಂದಾಗ ಕಂಬಳಿಯನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ತೊರೆ ಹುಟ್ಟುವ ಜಾಗ ಬಂದಾಗ ಮೆಲ್ಲಗೆ ಕೇಳಿದಳು, "ಇಷ್ಟೇನಾ ಇದು? ಇದೇ ನಮ್ಮನೆ ಮುಂದೆ ಅಷ್ಟು ಅಗಲ ಹರಿಯೋದಾ?" ತೀಲಿ ಏದುಸಿರು ಬಿಡುತ್ತಾ ಮುಂದಿನ ಮರಕ್ಕೆ ಕೈಚಾಚಿದಳು.

ನೆತ್ತಿ ದಾಟಿ, ಕೆಂಪು ಮಣ್ಣು ಮುಗಿದು, ಕಾಲಡಿ ಬಿಳಿ ಕಲ್ಲು ಕರಕರ ಎನ್ನತೊಡಗಿದಾಗ ಮಿನ್ನಾ ಕೆಮ್ಮಿದಳು. ಕಂಬಳಿ ಬಾಯಿಗೆ ಹೋಗುವುದರೊಳಗೆ ಸದ್ದು ಹೊರಬಿದ್ದಿತ್ತು.

"ನಿಲ್ಲಿ ಅಲ್ಲೇ."

ಮಂಜಿನಿಂದ ಕಾವಲಿನವನೊಬ್ಬ ಬಂದ. ನಡುವಯಸ್ಸಿನವನು, ಬೇರೆ ಸೀಮೆಯ ಮಾತಿನವನು. ತೀಲಿಯ ಗುರುತಿನ ಚೀಟಿ ನೋಡಿ ಹಿಂದಕ್ಕೆ ಕೊಟ್ಟ.

"ನೀವು ಕಾಲ್ಕ್‌ರೋಡಿನವರು, ಸರಿ. ಬುಟ್ಟೀಲಿ ಯಾರು?"

"ನಮ್ಮಕ್ಕ."

"ಅವರ ಚೀಟಿ?"

"ಇಲ್ಲ. ಅವಳಿಗೆ ನಡೆಯೋಕಾಗಲ್ಲ, ಎದೆ ಕೆಟ್ಟಿದೆ. ಅವಳು ಬಂದ್ರೆ ಯಾರಿಗೆ ಏನು ನಷ್ಟ ಹೇಳಿ?"

ಅವನು ಬಂದೂಕನ್ನು ಹೆಗಲಿಗೆ ಹಾಕಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದ: "ನೋಡಿಲ್ಲ ಅಂತ ನಾನು ಬಿಟ್ಟುಬಿಡಬಹುದು, ಅಮ್ಮ. ಆದ್ರೆ ಊರ ಬಾಗಿಲಲ್ಲಿ ಇನ್ನೊಂದು ಕಾವಲಿದೆ. ಈ ವಾರದಿಂದ ಚೀಟಿ ಇಲ್ದೋರನ್ನ ಲಾರಿಗೆ ಹಾಕ್ತಾರೆ. ಎಲ್ಲಿಗೆ ಒಯ್ತಾರೋ ನಮಗೂ ಹೇಳಲ್ಲ. ಇವರು ತಡ್ಕೊಳ್ಳಲ್ಲ. ವಾಪಸ್ ಬಿಟ್ಟು ಬನ್ನಿ. ಸಂಜೆವರೆಗೂ ಇಲ್ಲಿ ನಾನೇ ಇರ್ತೀನಿ. ಆಮೇಲೆ ಬರೋನು ನನ್ನ ಹಾಗೆ ಮಾತಾಡ್ತಾ ನಿಲ್ಲಲ್ಲ."

ತೀಲಿ ಕದಲಲಿಲ್ಲ. ನನ್ನ ಪಟ್ಟಿಗಳನ್ನು ಎರಡೂ ಕೈಯಲ್ಲಿ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ತಿರುಗೇ," ಎಂದಳು ಮಿನ್ನಾ. "ಅಲ್ಲಿ ಮಗು ಕಾಯ್ತಿರುತ್ತೆ. ತಿರುಗು."

ತೀಲಿ ತಿರುಗಿದಳು. ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟವಾಯಿತು. ಎರಡು ಸಲ ಬಿದ್ದಳು. ಎರಡು ಸಲವೂ ಅಕ್ಕ ನೆಲಕ್ಕೆ ತಾಗದಂತೆ ಮುಂದಕ್ಕೇ ಬಿದ್ದಳು. ಅಂಗೈ ಕಿತ್ತುಹೋಯಿತು. ಆ ಸಲ ಅವಳ ಮೂಗಿನಲ್ಲಿ ಹಾಡಿರಲಿಲ್ಲ.

ಮನೆಯಲ್ಲಿ ಮಿನ್ನಾಳನ್ನು ಹಾಸಿಗೆಗೆ ಇಳಿಸಿ ತೀಲಿ ನನ್ನನ್ನು ಮೂಲೆಯಲ್ಲಿಟ್ಟಳು. ಹೊಟ್ಟೆ ಕೊಯ್ದ ಬುಟ್ಟಿಯಲ್ಲಿ ಇನ್ನೇನು ಹೊರಲು ಸಾಧ್ಯ? "ಬುಟ್ಟಿ ಇಲ್ಲೇ ಇರ್ಲಿ. ಮತ್ತೆ ಬರ್ತೀನಲ್ಲ," ಎಂದಳು. ಅಕ್ಕನ ತಲೆ ನೇವರಿಸಿ, ಕತ್ತಲಾಗುವ ಮೊದಲು ದಾಟಬೇಕೆಂದು ಹೊರಟುಬಿಟ್ಟಳು. ಅಷ್ಟು ವರ್ಷ ಅವಳ ಬೆನ್ನಿಗೆ ಅಂಟಿಕೊಂಡೇ ಇದ್ದ ನಾನು, ಆ ಬೆನ್ನನ್ನು ದೂರದಿಂದ ನೋಡಿದ್ದು ಆವತ್ತು. ಬರಿದಾಗಿದ್ದರೂ ಬಾಗಿಯೇ ಇತ್ತು.

ಮುಂದಿನ ಬೇಸಿಗೆಗೆ ನೆತ್ತಿಯ ಉದ್ದಕ್ಕೂ ಮರ ಕಡಿದರು, ಹೆಜ್ಜೆ ಮೂಡಿದರೆ ಕಾಣುವಂತೆ ನೆಲ ಉತ್ತು ಸಡಿಲ ಮಾಡಿದರು, ಮುಳ್ಳುತಂತಿ ಎಳೆದರು. ಕಿಟಕಿಯಿಂದ ನೋಡಿದರೆ ಬೆಟ್ಟ ಹಲ್ಲುದುರಿದ ಬಾಯಿಯಂತೆ ಕಾಣುತ್ತಿತ್ತು. ಗೆರೋಲ್ಡ್ ಸಂತೆಯಿಂದ ಸುದ್ದಿ ತಂದ. ಗಡಿಗೆ ಹತ್ತಿರದ ಮನೆಗಳವರನ್ನು ಒಂದು ಬೆಳಗ್ಗೆ ಲಾರಿಗಳಲ್ಲಿ ತುಂಬಿ ಸಾಗಿಸಿದರಂತೆ. ಕಾಲ್ಕ್‌ರೋಡಿನ ಮೇಲಿನ ಕೇರಿ ಪೂರ್ತಿ ಖಾಲಿಯಂತೆ. ತೀಲಿಯ ಮನೆ ಮೇಲಿನ ಕೇರಿಯಲ್ಲಿತ್ತು. ಎಲ್ಲಿಗೆ ಒಯ್ದರೆಂದು ಹೇಳುವವರು ಯಾರೂ ಇರಲಿಲ್ಲ.

ಮಿನ್ನಾ ಆ ಚಳಿಗಾಲ ಸಾಯಲಿಲ್ಲ. ಇನ್ನೂ ಕೆಲವು ವರ್ಷ ಬದುಕಿದಳು. ಅವಳು ಸಾಯುತ್ತಾಳೆಂದೇ ತಂಗಿ ಬೆಟ್ಟ ಹತ್ತಿದ್ದು. ಸಾಯದೆ ಉಳಿದದ್ದು ಅವಳಿಗೆ ಸಾವಿಗಿಂತ ದೊಡ್ಡ ಕಷ್ಟವಾಯಿತು. ಮಡಕೆಗಳ ಮೇಲೆ ಹೂ ಬರೆಯುವುದನ್ನು ಬಿಟ್ಟಳು. ಯಾರಾದರೂ ಒತ್ತಾಯಿಸಿದರೆ, "ಯಾರ ಮನೆಗೆ ಹೋಗುತ್ತೆ ಅಂತ ಬರೀಲಿ?" ಎನ್ನುತ್ತಿದ್ದಳು. ಒಂದು ಮಾರ್ಚ್ ತಿಂಗಳಲ್ಲಿ, ಹಿಮ ಕರಗುವಾಗ, ತೀರಿಕೊಂಡಳು.

ಬೆರ್ಟಾ ನನ್ನನ್ನು ತನ್ನ ಚಾವಡಿಗೆ ಒಯ್ದಳು. ಸ್ವಲ್ಪ ಕಾಲ ಒಲೆಯ ಪುಳ್ಳೆ ತುಂಬಿದರು. ಆಮೇಲೆ ಹುಲ್ಲು ಹಾಸಿ ಕೋಳಿ ಮೊಟ್ಟೆಯಿಡಲು ಬಿಟ್ಟರು. ಗೆರೋಲ್ಡ್ ಸತ್ತ. ಮಗ, ಸೊಸೆ ಕುಂಬಾರಿಕೆ ಮುಂದುವರಿಸಿದರು. ನನ್ನನ್ನು ಒಡೆದ ಮಡಕೆಗಳ ಜೊತೆ ಮೂಲೆಗೆ ತಳ್ಳಿದರು. ಹುಳು ಹಿಡಿಯಿತು, ಇಲಿಗಳು ಪಟ್ಟಿಗಳನ್ನು ತಿಂದವು.

ಒಂದು ದಿನ ಚಾವಡಿಯಲ್ಲಿ ಗದ್ದಲವೋ ಗದ್ದಲ. ತಂತಿ ಕಿತ್ತರಂತೆ, ಯಾರು ಬೇಕಾದರೂ ದಾಟಬಹುದಂತೆ. ಅದಾದ ಮುಂದಿನ ವಸಂತದಲ್ಲಿ ಐವತ್ತರ ಹತ್ತಿರದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಹೂವಿನ ಕಟ್ಟು, ಬೂಟಿನಲ್ಲಿ ಕೆಸರು.

"ನಾನು ಇರ್ಮಾ. ಮಿನ್ನಾ ದೊಡ್ಡಮ್ಮನ ಸಮಾಧಿ ಹುಡುಕ್ತಿದ್ದೆ. ಸಿಗ್ಲಿಲ್ಲ."

ಸೊಸೆ ರೋಸ್ವಿಟಾ ಮುಜುಗರದಿಂದ ಕೈ ಒರೆಸಿಕೊಂಡಳು. "ಸಮಾಧಿ ಜಾಗದ ಬಾಡಿಗೆ ಅವಧಿ ಮುಗೀತಲ್ಲ. ಕೇಳೋರು ಇರ್ಲಿಲ್ಲ ಅಂತ ಆ ಜಾಗ ಬೇರೆಯವರಿಗೆ ಕೊಟ್ರು. ಕೂತ್ಕೊಳ್ಳಿ."

ಇರ್ಮಾ ಕೂತಳು. ಕೇಳದೆಯೇ ಹೇಳಿದಳು. ಲಾರಿ ಅವರನ್ನು ದೂರದ ಉತ್ತರದ ಬಯಲಿಗೆ ಒಯ್ದಿತ್ತು. ಬೀಟ್ ಗೆಡ್ಡೆಯ ಹೊಲಗಳಲ್ಲಿ ಕೂಲಿ. ಗಡಿಯ ಹತ್ತಿರ ಸುಳಿಯಲೂ ಅಪ್ಪಣೆಯಿರಲಿಲ್ಲ. "ಅಮ್ಮನಿಗೆ ಅಲ್ಲಿ ದಿಕ್ಕೇ ತಿಳೀತಿರ್ಲಿಲ್ಲ. ಹತ್ತೋಕೆ ಇಳಿಯೋಕೆ ಏನೂ ಇಲ್ದ ಊರಲ್ಲಿ ಹೆಂಗೆ ಬದುಕ್ತಾರೆ ಅಂತಿದ್ಲು. ಅಲ್ಲೇ ಹೋದ್ಲು." ಹೂವಿನ ಕಟ್ಟನ್ನು ಬೆಂಚಿನ ಮೇಲಿಟ್ಟು ಮುಂದುವರಿಸಿದಳು. "ಕೊನೇ ಸಲ ಇಲ್ಲಿಗೆ ಬಂದು ಹೋದಾಗ ಬುಟ್ಟಿ ಇಲ್ದೆ, ಕೈಯೆಲ್ಲಾ ರಕ್ತ ಮಾಡ್ಕೊಂಡು ಮನೆಗೆ ಬಂದ್ಲು. ಏನಾಯ್ತು ಅಂತ ಹೇಳಲೇ ಇಲ್ಲ. ನಾನು ದೊಡ್ಡವಳಾದ್ಮೇಲೆ ಜಗಳದಲ್ಲಿ ಒಂದು ಸಲ ಅಂದುಬಿಟ್ಟೆ, ಕುಂಟಿ ಅಕ್ಕನ್ನ ಸಾಯೋಕೆ ಬಿಟ್ಟು ಬಂದವಳು ನೀನು ಅಂತ. ಅದಕ್ಕೂ ಅವಳು ಮಾತಾಡ್ಲಿಲ್ಲ."

ಮೂಲೆಯಲ್ಲಿ ಒಲೆಯ ಮುಂದೆ ಮೈ ಕಾಯಿಸಿಕೊಳ್ಳುತ್ತಿದ್ದ ಮುದುಕಿ ತಲೆಯೆತ್ತಿದಳು. ಬೆರ್ಟಾ. ಕಿವಿ ಮಂದವಾಗಿದ್ದರೂ ಇಷ್ಟನ್ನು ಕೇಳಿಸಿಕೊಂಡಿದ್ದಳು. ಊರುಗೋಲಿನಿಂದ ನನ್ನನ್ನು ತೋರಿಸಿದಳು.

"ಆ ಬುಟ್ಟಿ ಎಳೀರಿ ಇತ್ತ."

ರೋಸ್ವಿಟಾ ನನ್ನನ್ನು ಎಳೆದು ಧೂಳು ಕೊಡವಿದಳು. "ಇದಾ? ಕೋಳಿ ಬುಟ್ಟಿ. ಕೋಳಿ ನುಗ್ಗಲಿ ಅಂತ ಯಾರೋ ಬಾಯಿ ಕೊಯ್ದಿದಾರೆ."

"ಕೋಳಿಗಲ್ಲ," ಎಂದಳು ಬೆರ್ಟಾ. "ಮಿನ್ನಾ ಕಾಲಿಗೆ. ನಿಮ್ಮಮ್ಮ ಅವಳನ್ನ ಇದ್ರಲ್ಲಿ ಕೂರಿಸ್ಕೊಂಡು ಬೆಟ್ಟದ ಮೇಲಿನವರೆಗೂ ಹೊತ್ಲು. ಅಲ್ಲಿ ತಡೆದ್ರು. ತಿರುಗಿ ಇಲ್ಲೀತನಕ ಹೊತ್ಕೊಂಡು ಬಂದ್ಲು. ಕೂರ್ಸಿದ್ದು ನಾನೇ, ಇಳ್ಸಿದ್ದೂ ನಾನೇ."

ಇರ್ಮಾ ನೆಲದ ಮೇಲೆ ನನ್ನ ಮುಂದೆ ಕೂತಳು. ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದಳು. ತೊಗಲಪಟ್ಟಿಯ ತುಣುಕನ್ನು ಹಿಡಿದು ನನ್ನನ್ನು ಎತ್ತಲು ಹೋದಳು. ಅದು ಅವಳ ಕೈಯಲ್ಲೇ ಪುಡಿಯಾಯಿತು. "ಅಮ್ಮ ಒಂದು ಮಾತು ಹೇಳಬಾರದಿತ್ತಾ," ಎಂದಳು, ಯಾರಿಗೋ. ಆಮೇಲೆ ಎದ್ದು ಹೋದಳು. ಹೂವಿನ ಕಟ್ಟು ಬೆಂಚಿನ ಮೇಲೇ ಉಳಿಯಿತು. ರೋಸ್ವಿಟಾ ಅದನ್ನು ನೀರಿನಲ್ಲಿಟ್ಟಳು. ಇರ್ಮಾ ಮತ್ತೆ ಬರಲಿಲ್ಲ. ಬೆರ್ಟಾಳೂ ಈಗಿಲ್ಲ.

ನೆತ್ತಿಯ ಮೇಲೆ ಮರ ಕಡಿದಿದ್ದ ಜಾಗದಲ್ಲಿ ಬರ್ಚ್ ಸಸಿಗಳು ಎದ್ದಿವೆಯಂತೆ. ರಜೆಯಲ್ಲಿ ಜನ ಅಲ್ಲಿಗೆ ತಿರುಗಾಡಲು ಹೋಗುತ್ತಾರಂತೆ. ನನ್ನ ತಳ ಕಳಚಿದೆ, ಕಡ್ಡಿಗಳು ಒಂದೊಂದಾಗಿ ಉದುರುತ್ತಿವೆ. ಇನ್ನೊಂದು ಚಳಿ ಬಂದರೆ ಯಾರಾದರೂ ಒಲೆಗೆ ಹಾಕಿಯಾರು. ಹೊರೆ ಇಳಿಸಿದರೆ ಹೆಗಲು ಹಗುರವಾಗುತ್ತದೆ ಎಂದು ಜನ ಹೇಳುವುದನ್ನು ಬಹಳ ಕೇಳಿದ್ದೇನೆ. ಹಿಟ್ಟಿನ ವಿಷಯದಲ್ಲಿ, ಮಡಕೆಯ ವಿಷಯದಲ್ಲಿ ಅದು ನಿಜ. ಅಕ್ಕನನ್ನು ಇಳಿಸಿದ ದಿನ ತೀಲಿಯ ಹೆಗಲು ಹಗುರವಾದದ್ದನ್ನು ನಾನು ಕಾಣಲಿಲ್ಲ.